ಕಾಫಿ ಸೀಮೆಯ ಮೆದುಳುಗಳ ಲೆಕ್ಕ ಯಾರ ಹತ್ತಿರ ಇದೆ? ಒಂದು ಬಹಿರಂಗ ಪತ್ರ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ, ಎರಡೂ ಊರುಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳ ನಿರ್ದೇಶಕರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ

ಮಾನ್ಯರೇ,

2021ರಲ್ಲಿ ಕಾಫಿ ಬಗ್ಗೆ ಒಂದು ಅಧ್ಯಯನ ಬಂತು. ಬ್ರಿಟನ್ನಿನ ಸುಮಾರು 4 ಲಕ್ಷ ಜನರ ಮಾಹಿತಿ, ಅವರಲ್ಲಿ 17,702 ಜನರ ಮೆದುಳಿನ ಎಂ.ಆರ್.ಐ. ಇಟ್ಟುಕೊಂಡು ದಕ್ಷಿಣ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದವರು ಮಾಡಿದ್ದು. ದಿನಕ್ಕೆ ಆರು ಕಪ್ಪಿಗಿಂತ ಜಾಸ್ತಿ ಕುಡಿಯುವವರ ಮೆದುಳಿನ ಗಾತ್ರ ತುಸು ಕಡಿಮೆ ಕಂಡಿತು. ಒಂದೆರಡು ಕಪ್ ಕುಡಿಯುವವರಿಗೆ ಹೋಲಿಸಿದರೆ ಅವರಲ್ಲಿ ಮರೆವಿನ ಕಾಯಿಲೆಯ ಸಾಧ್ಯತೆ ಶೇ 53ರಷ್ಟು ಹೆಚ್ಚಿತ್ತು. ಸುದ್ದಿ ನಮ್ಮ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬಂತು. ಸಕಲೇಶಪುರದ ಬೆಳೆಗಾರರೊಬ್ಬರು ನನ್ನನ್ನು ಕೇಳಿದರು: "ಅಲ್ಲಪ್ಪಾ, ಅವರ ಕಪ್ಪು ಎಷ್ಟು ದೊಡ್ಡದು? ನಮ್ಮ ಸ್ಟೀಲ್ ಲೋಟ ಎಷ್ಟಾದ್ರೆ ಅವರದೊಂದು ಕಪ್ಪು? ಚಿಕೋರಿ ಬೆರೆಸಿದ್ರೂ ಇದೇ ಲೆಕ್ಕಾನಾ?"

ತಮಾಷೆಗೆ ಕೇಳಿದಂತೆ ಕಂಡರೂ ಪ್ರಶ್ನೆ ಸರಿಯಾಗಿಯೇ ಇದೆ. ಬೆಳೆಯುವವರು ನಾವು. ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವವರೂ ನಾವು. ಆದರೆ ಕಾಫಿ ಮೆದುಳಿಗೆ ಏನು ಮಾಡುತ್ತದೆ ಅನ್ನೋದನ್ನು ಬ್ರಿಟನ್ನಿನವರ ತಲೆ ನೋಡಿ ತಿಳಿಯಬೇಕು. ಕಾಫಿ ಒಂದು ನೆಪ ಅಷ್ಟೇ. ನಮ್ಮ ಬಿ.ಪಿ., ನಿದ್ದೆ, ಕುಡಿತ, ತೋಟಕ್ಕೆ ಹೊಡೆಯುವ ಔಷಧಿ, ಓದು, ಒಂಟಿತನ, ಇವೆಲ್ಲ ನಮ್ಮ ಮೆದುಳಿನ ಮೇಲೆ ಏನು ಬರೆಯುತ್ತಿವೆ ಎಂಬ ಲೆಕ್ಕ ಈ ಎರಡು ಜಿಲ್ಲೆಗಳಲ್ಲಿ ಯಾರೂ ಇಟ್ಟಿಲ್ಲ. ಅದನ್ನು ಈಗ ಶುರು ಮಾಡಿ ಎಂದು ಕೇಳಲು ಈ ಪತ್ರ.

ನಾನು ಡಾಕ್ಟರ್ ಅಲ್ಲ. ಹಾಸನದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂ.ಆರ್.ಐ. ಟೆಕ್ನಿಷಿಯನ್. ಬೇಲೂರು, ಆಲೂರು, ಸಕಲೇಶಪುರ, ಅರಕಲಗೂಡಿನಿಂದ ಬರುವವರನ್ನು ಮೇಜಿನ ಮೇಲೆ ಮಲಗಿಸಿ, ತಲೆಗೆ ಕಾಯಿಲ್ (ಚಿತ್ರದ ಸಂಕೇತ ಹಿಡಿಯುವ ಪಂಜರದಂಥ ಸಾಧನ) ಹಾಕಿ, ಕೈಗೆ ರಬ್ಬರ್ ಬಲ್ಬ್ ಕೊಟ್ಟು, "ಅಲ್ಲಾಡಬೇಡಿ, ಭಯ ಆದ್ರೆ ಇದನ್ನ ಒತ್ತಿ" ಅನ್ನುವುದು ನನ್ನ ಕೆಲಸ. ಚಿತ್ರ ಮೊದಲು ಕಾಣುವುದು ನನ್ನ ಕಣ್ಣಿಗೆ. ವರದಿ ಬರೆಯುವವರು ರೇಡಿಯಾಲಜಿಸ್ಟ್.

ಐವತ್ತು ದಾಟಿದವರ ಮೆದುಳಿನಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಬಿಳಿ ಚುಕ್ಕೆಗಳು. ಮೆದುಳಿನ ಒಳಭಾಗದಲ್ಲಿ, ಸಣ್ಣ ರಕ್ತನಾಳಗಳು ಸೋತ ಕಡೆ ಅವು ಮೂಡುತ್ತವೆ. ವಯಸ್ಸಾದಂತೆ ಎಲ್ಲರಿಗೂ ಸ್ವಲ್ಪ ಬರುತ್ತವೆ. ಬಿ.ಪಿ. ಹಿಡಿತದಲ್ಲಿ ಇಲ್ಲದವರಿಗೆ ಜಾಸ್ತಿ, ಬೇಗ. ಚುಕ್ಕೆ ಹೆಚ್ಚಾದಷ್ಟೂ ಪಾರ್ಶ್ವವಾಯು ಮತ್ತು ಮರೆವಿನ ಕಾಯಿಲೆಯ ಅಪಾಯ ಹೆಚ್ಚು. ನಡಿಗೆ ನಿಧಾನ ಆಗುತ್ತದೆ, ಯೋಚನೆ ತಡವಾಗುತ್ತದೆ. ಮನೆಯವರು "ವಯಸ್ಸಾಯ್ತು, ಬಿಡಿ" ಅಂತಾರೆ.

ಇದರ ಬಗ್ಗೆ ಅಮೆರಿಕದಲ್ಲಿ ದೊಡ್ಡ ಪರೀಕ್ಷೆಯೊಂದು ನಡೆದು 2019ರಲ್ಲಿ ಫಲಿತಾಂಶ ಬಂತು. ಹೆಸರು ಸ್ಪ್ರಿಂಟ್ ಮೈಂಡ್. ಬಿ.ಪಿ.ಯ ಮೇಲಿನ ಅಂಕಿಯನ್ನು ಕೆಲವರಲ್ಲಿ 140ಕ್ಕಿಂತ ಕೆಳಗೆ, ಇನ್ನು ಕೆಲವರಲ್ಲಿ 120ಕ್ಕಿಂತ ಕೆಳಗೆ ಇಡಲು ನೋಡಿದರು. 120ರ ಗುಂಪಿನವರಲ್ಲಿ ಬಿಳಿ ಚುಕ್ಕೆಗಳು ಬೆಳೆಯುವ ವೇಗ ಕಡಿಮೆ ಇತ್ತು. ಮರೆವಿನ ಆರಂಭದ ಹಂತಕ್ಕೆ ಹೋದವರು ಶೇ 19ರಷ್ಟು ಕಡಿಮೆ. ಪೂರ್ತಿ ಮರೆವಿನ ಕಾಯಿಲೆ ತಡೆಯಿತು ಅಂತ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಅದರಲ್ಲಿ ಸಿಗಲಿಲ್ಲ. ಆದರೂ ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ಬಿ.ಪಿ. ಮಾತ್ರೆಗೂ ಮೆದುಳಿಗೂ ನಂಟು ಇದೆ ಅನ್ನೋದನ್ನು ಚಿತ್ರವೇ ತೋರಿಸಿತು ಅಲ್ವಾ? ಮೆದುಳಿನ ಚಿತ್ರಣದಿಂದ ಏನು ಲಾಭ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ನಮ್ಮಲ್ಲಿ ಆಗುವುದೇನು? ಪಾರ್ಶ್ವವಾಯು ಹೊಡೆದ ಮೇಲೆ ಕರೆತರುತ್ತಾರೆ. ಸ್ಕ್ಯಾನ್ ಆಗುತ್ತದೆ. ಫಿಲ್ಮ್ ಕವರು ಊರಿಗೆ ಹೋಗಿ ಬೀರುವಿನ ಮೇಲೆ ಧೂಳು ತಿನ್ನುತ್ತದೆ. ಆ ಮನುಷ್ಯನಿಗೆ ಹತ್ತು ವರ್ಷದ ಹಿಂದೆ ಬಿ.ಪಿ. ಎಷ್ಟಿತ್ತು, ಮಾತ್ರೆ ಯಾವಾಗ ಬಿಟ್ಟ, ಎಷ್ಟು ಕುಡಿಯುತ್ತಿದ್ದ, ರಾತ್ರಿ ಎಷ್ಟು ಗಂಟೆ ಮಲಗುತ್ತಿದ್ದ, ಯಾವುದೂ ಆ ಚಿತ್ರದ ಜೊತೆ ಇರುವುದಿಲ್ಲ. ಸಾವಿರಾರು ಚಿತ್ರಗಳು ಇವೆ. ಅವುಗಳಿಂದ ಜಿಲ್ಲೆಗೆ ಏನೂ ಗೊತ್ತಾಗುವುದಿಲ್ಲ.

ಲೆಕ್ಕ ಇಲ್ಲದಿದ್ದರೆ ಏನಾಗುತ್ತದೆ ಎಂದು ಹಾಸನದವರಿಗೆ ಹೇಳಿಕೊಡಬೇಕಾಗಿಲ್ಲ. 2025ರ ಜೂನ್, ಜುಲೈನಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಮೇಲೊಂದು ಬಂದಾಗ ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಸರ್ಕಾರ ಸಮಿತಿ ಮಾಡಿತು. ಅದು 24 ಸಾವುಗಳನ್ನು ನೋಡಿ, ಅಸಹಜವಾದ ಏರಿಕೆ ಇಲ್ಲ ಎಂದಿತು. ಆದರೆ ಜನರ ಭಯ ಪೂರ್ತಿ ಹೋಗಲಿಲ್ಲ. ಹೋಲಿಸಿ ನೋಡಲು ಊರೂರಿನ ಹಳೆಯ ಲೆಕ್ಕ ಜನರ ಕಣ್ಣ ಮುಂದೆ ಇರಲಿಲ್ಲ. ನಮ್ಮ ತೋಟದವರು ಅಜ್ಜನ ಕಾಲದಿಂದ ಮಳೆ ಲೆಕ್ಕ ಬರೆದಿಡುತ್ತಾರೆ, ಇಂಚು ಸೆಂಟ್‌ಗಳಲ್ಲಿ, ದಿನಾ ಬೆಳಿಗ್ಗೆ. ಅದಕ್ಕೇ ಈ ವರ್ಷ ಮಳೆ ಹೆಚ್ಚೋ ಕಡಿಮೆಯೋ ಎಂದು ಧೈರ್ಯವಾಗಿ ಹೇಳುತ್ತಾರೆ. ಆರೋಗ್ಯಕ್ಕೂ ಅಂಥದೊಂದು ಪುಸ್ತಕ ಬೇಕು. ಮೆದುಳಿಗಂತೂ ಬೇಕೇ ಬೇಕು, ಯಾಕಂದ್ರೆ ಅಲ್ಲಿ ಹಾಳಾಗುವುದು ಇಪ್ಪತ್ತು, ಮೂವತ್ತು ವರ್ಷ ಸದ್ದಿಲ್ಲದೆ ನಡೆಯುತ್ತದೆ.

ಬ್ರಿಟನ್ನಿನವರು ಮಾಡಿದ್ದು ಅದನ್ನೇ. 2006ರಿಂದ 2010ರವರೆಗೆ 40ರಿಂದ 69 ವಯಸ್ಸಿನ 5 ಲಕ್ಷ ಜನರನ್ನು ಸೇರಿಸಿಕೊಂಡರು. ಬಯೋಬ್ಯಾಂಕ್ ಎಂದು ಹೆಸರು. ರಕ್ತ ತೆಗೆದರು, ಊಟ, ನಿದ್ದೆ, ಕೆಲಸ ಎಲ್ಲ ಕೇಳಿ ಬರೆದರು. ಸ್ಕ್ಯಾನ್ ಶುರು ಮಾಡಿದ್ದು 2014ರಲ್ಲಿ. ಒಂದು ಲಕ್ಷ ಜನರ ಸ್ಕ್ಯಾನ್ ಮುಗಿಸಿದ್ದು 2025ರಲ್ಲಿ. ಮೊದಲು ಜನ, ಆಮೇಲೆ ಯಂತ್ರ. ಈ ಅನುಕ್ರಮವನ್ನು ದಯವಿಟ್ಟು ಗಮನಿಸಿ. ನಮ್ಮಲ್ಲಿ ಯಂತ್ರ ತಂದು ರಿಬ್ಬನ್ ಕತ್ತರಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ.

ದೂರದ ಉದಾಹರಣೆ ಯಾಕೆ ಅಂತೀರಾ? ಹತ್ತಿರವೂ ಇದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿಯಿಟ್ಟುಕೊಂಡು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಅಧ್ಯಯನ ನಡೆಸುತ್ತಿದೆ. ಮಾವು ಬೆಳೆಯುವ, ಹೆಚ್ಚು ಓದದ ಜನ. ಅವರಿಗೆ ನೆನಪಿನ ಪರೀಕ್ಷೆ, ರಕ್ತ ಪರೀಕ್ಷೆ, ಎಂ.ಆರ್.ಐ. ಎಲ್ಲ ಆಗುತ್ತದೆ. ಅಕ್ಷರ ಬಾರದವರಿಗೆ ಹೊಂದುವ ಹಾಗೆ ಕನ್ನಡದಲ್ಲಿ ಪರೀಕ್ಷೆ ಮಾಡಬಹುದು ಎಂದು ಅಲ್ಲಿ ಆಗಲೇ ತೋರಿಸಿದ್ದಾರೆ. ನಿಮ್ಹಾನ್ಸ್‌ನವರು ಸೇರಿದ ಇನ್ನೊಂದು ಅಧ್ಯಯನದಲ್ಲಿ ಮೈಸೂರು ಸೇರಿ ದೇಶದ ಏಳು ಕಡೆ 6ರಿಂದ 23 ವರ್ಷದವರನ್ನು ನೋಡಿದ್ದಾರೆ. ಕೋಲಾರದ ಬಯಲು ಆಯಿತು, ಮೈಸೂರು ಪೇಟೆ ಆಯಿತು. ಮಲೆನಾಡು ಮಾತ್ರ ಬಾಕಿ. ಶ್ರೀನಿವಾಸಪುರದಲ್ಲಿ ಆದದ್ದು ಮೂಡಿಗೆರೆಯಲ್ಲಿ ಆಗಲಾರದು ಎಂದು ಹೇಳಲು ಕಾರಣ ನನಗಂತೂ ಸಿಗುತ್ತಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಮಾತು ಹೇಳಲೇಬೇಕು. ಟಿ.ವಿ.ಯಲ್ಲಿ ಮೆದುಳಿನ ಚಿತ್ರದ ಮೇಲೆ ಕೆಂಪು, ಹಳದಿ ಬಣ್ಣ ತೋರಿಸಿ "ಪ್ರೀತಿ ಮಾಡುವಾಗ ಈ ಭಾಗ ಹೊತ್ತಿಕೊಳ್ಳುತ್ತದೆ" ಅಂತಾರಲ್ಲ, ಅಲ್ಲಿ ಹೊತ್ತಿಕೊಳ್ಳುವುದು ಏನೂ ಇಲ್ಲ. ಮೆದುಳು ದೇಹದ ತೂಕದಲ್ಲಿ ಶೇ 2ರಷ್ಟಿದ್ದರೂ ಸುಮಾರು ಶೇ 20ರಷ್ಟು ಶಕ್ತಿ ತಿನ್ನುತ್ತದೆ. ಕೆಲಸ ಮಾಡುವ ಜಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕ ಇರುವ ರಕ್ತಕ್ಕೂ ಇಲ್ಲದ ರಕ್ತಕ್ಕೂ ಅಯಸ್ಕಾಂತದ ಗುಣ ಬೇರೆ. ಈ ಸಣ್ಣ ವ್ಯತ್ಯಾಸ ಹಿಡಿದು ಚಿತ್ರ ತೆಗೆಯಬಹುದು ಎಂದು ಜಪಾನಿನ ಸೇಜಿ ಒಗಾವಾ 1990ರಲ್ಲಿ ತೋರಿಸಿದರು. ಇದನ್ನೇ ಫಂಕ್ಷನಲ್ ಎಂ.ಆರ್.ಐ. ಅನ್ನುವುದು. ವ್ಯತ್ಯಾಸ ಶೇಕಡಾ ಒಂದೆರಡು ಇದ್ದರೆ ಹೆಚ್ಚು. ರಕ್ತ ಬರುವುದೂ ನಾಲ್ಕಾರು ಸೆಕೆಂಡ್ ತಡ. ಬಣ್ಣ ಹಾಕುವುದು ಕಂಪ್ಯೂಟರ್, ಲೆಕ್ಕ ಮಾಡಿ.

ಆ ಲೆಕ್ಕ ಜೋಪಾನವಾಗಿ ಮಾಡದಿದ್ದರೆ ಏನಾಗುತ್ತದೆ ಎಂದು ತೋರಿಸಲು ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು 2009ರಲ್ಲಿ ಸತ್ತ ಸಾಲ್ಮನ್ ಮೀನನ್ನು ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೊ ತೋರಿಸಿ, ಅವರ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದರು. ಸತ್ತ ಮೀನಿನ ಮೆದುಳಿನಲ್ಲೂ ಕೆಂಪು ಚುಕ್ಕೆ ಬಂತು! ಸಾವಿರಾರು ಕಡೆ ಒಟ್ಟಿಗೆ ಹುಡುಕಿದರೆ ಎಲ್ಲೋ ಒಂದು ಕಡೆ ಸುಮ್ನೆ ಏನೋ ಸಿಕ್ಕೇ ಸಿಗುತ್ತದೆ. ಅದನ್ನು ಸರಿಪಡಿಸುವ ಗಣಿತ ಇದೆ, ಬಳಸಬೇಕು ಅಷ್ಟೇ. ಈ ಕೆಲಸಕ್ಕೆ 2012ರಲ್ಲಿ ಇಗ್ ನೊಬೆಲ್ ಸಿಕ್ಕಿತು, ಅಂದರೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ. ನಮ್ಮ ಕಾಲೇಜುಗಳಲ್ಲಿ ಮೊದಲ ವರ್ಷದವರಿಗೆ ಈ ಮೀನಿನ ಕತೆ ಹೇಳಬೇಕು ಅನ್ನೋದು ನನ್ನಾಸೆ.

ಇನ್ನೊಂದು ಮಾತು 2022ರಲ್ಲಿ ಬಂತು. ಅಮೆರಿಕದ ಸಂಶೋಧಕ ಸ್ಕಾಟ್ ಮಾರೆಕ್ ಮತ್ತು ತಂಡ ಸುಮಾರು 50,000 ಜನರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ ನೋಡಿತು. ಇಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದವರು 25 ಜನ. ಮೆದುಳಿನ ರಚನೆಗೂ ನಡವಳಿಕೆಗೂ ನಂಟು ಹುಡುಕಲು ಅಷ್ಟು ಜನ ಏನೇನೂ ಸಾಲದು, ಸಾವಿರಗಟ್ಟಲೆ ಬೇಕು ಎಂದು ಅವರು ತೋರಿಸಿದರು. ಹಾಗಾಗಿ ನಿಮ್ಮ ಮುಂದೆ ಯಾರಾದರೂ ಬಂದು "ಮೂವತ್ತು ಮಕ್ಕಳ ಸ್ಕ್ಯಾನ್ ಮಾಡಿ ಮೊಬೈಲ್ ಚಟ ಎಲ್ಲಿದೆ ಹೇಳುತ್ತೇವೆ" ಅಂದರೆ ಹಣ ಕೊಡಬೇಡಿ.

ಇದೇ ಕಾರಣಕ್ಕೆ ನಮ್ಮ ಸೀಮೆಯ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಅರೇಬಿಕಾ ಗಿಡದ ಬಿಳಿ ಕಾಂಡಕೊರಕಕ್ಕೆ ಹೊಡೆಯುವ ಔಷಧಿಗಳಲ್ಲಿ ಕ್ಲೋರ್‌ಪೈರಿಫಾಸ್ ಸಹ ಇದೆ. ಅದು ಕೆಲಸ ಮಾಡುವುದೇ ಹುಳುವಿನ ನರಗಳ ಮೇಲೆ. ನ್ಯೂಯಾರ್ಕಿನಲ್ಲಿ, ಮನೆಯೊಳಗೆ ಇದನ್ನು ಹೊಡೆಯುತ್ತಿದ್ದ ಕಾಲದಲ್ಲಿ ಹುಟ್ಟಿದ 40 ಮಕ್ಕಳ ಎಂ.ಆರ್.ಐ. ಮಾಡಿ ಕೊಲಂಬಿಯಾ ವಿಶ್ವವಿದ್ಯಾಲಯದವರು 2012ರಲ್ಲಿ ವರದಿ ಕೊಟ್ಟರು. ತಾಯಿಯ ಹೊಟ್ಟೆಯಲ್ಲಿದ್ದಾಗ ಹೆಚ್ಚು ಔಷಧಿ ಸೋಕಿದ ಮಕ್ಕಳ ಮೆದುಳಿನ ಮೇಲ್ಪದರದಲ್ಲಿ ವ್ಯತ್ಯಾಸಗಳು ಕಂಡವು. 40 ಮಕ್ಕಳು ಅಂದರೆ ಕಡಿಮೆ. ಅದನ್ನೇ ಹಿಡಿದು ಯಾವ ತೋಟದವರ ಮೇಲೂ ಆರೋಪ ಮಾಡಲಾಗದು. ಹಾಗಂತ ಕಣ್ಣು ಮುಚ್ಚಿಕೊಂಡು ಕೂರುವುದೂ ಸರಿಯಲ್ಲ. ಹಾಸನದ ಆಲೂಗಡ್ಡೆ ಹೊಲದಲ್ಲಿ, ಮಲೆನಾಡಿನ ತೋಟದಲ್ಲಿ ಬೆನ್ನಿಗೆ ಪಂಪ್ ಕಟ್ಟಿಕೊಂಡು, ಮೂಗಿಗೆ ಟವೆಲ್ ಸುತ್ತಿ ಔಷಧಿ ಹೊಡೆಯುವವರು ಎಷ್ಟು ಜನ! ಅವರ ಮನೆಯ ಬಸುರಿಯರು ಎಷ್ಟು ಜನ! ಈ ಪ್ರಶ್ನೆಗೆ ನ್ಯೂಯಾರ್ಕ್ ಉತ್ತರ ಕೊಡುವುದಿಲ್ಲ. ನಾವೇ ಸಾವಿರಾರು ತಾಯಿ ಮಕ್ಕಳನ್ನು ಹತ್ತಾರು ವರ್ಷ ನೋಡಬೇಕು.

ಪ್ರಶ್ನೆಗಳು ಬೇರೆಯೂ ಇವೆ. ಆನೆ ಕಾಟದ ಊರುಗಳಲ್ಲಿ ರಾತ್ರಿ ನಿದ್ದೆ ಬಿಡುವವರು, ಸಂಜೆಯಾದರೆ ಮಕ್ಕಳನ್ನು ಹೊರಗೆ ಬಿಡದವರು. ಮಂಗನ ಕಾಯಿಲೆ ಬಂದು ಹೋದವರು, ಕೊಪ್ಪ, ಶೃಂಗೇರಿ ಕಡೆ; ಆ ಜ್ವರ ಕೆಲವರಲ್ಲಿ ಎರಡನೇ ಸುತ್ತು ಬಂದಾಗ ನರಮಂಡಲಕ್ಕೂ ತಟ್ಟುತ್ತದೆ. ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ವೃದ್ಧರು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4 ಜನರಿಗೆ ಮರೆವಿನ ಕಾಯಿಲೆ ಇದೆ, ಅಂದರೆ ಸುಮಾರು 88 ಲಕ್ಷ ಜನ, ಎಂದು ರಾಷ್ಟ್ರಮಟ್ಟದ ಅಧ್ಯಯನ ಹೇಳುತ್ತದೆ. ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗದ 2024ರ ವರದಿ ಪ್ರಕಾರ ಕಡಿಮೆ ಓದು, ಕಿವಿ ಕೇಳದಿರುವುದು, ಬಿ.ಪಿ., ಕುಡಿತ, ಒಂಟಿತನ ಸೇರಿ 14 ಕಾರಣಗಳನ್ನು ಸರಿಪಡಿಸಿದರೆ ಸುಮಾರು ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು. ಇದರಲ್ಲಿ ಯಾವ ಕಾರಣ ನಮ್ಮ ಜಿಲ್ಲೆಯಲ್ಲಿ ದೊಡ್ಡದು? ಅದು ಗೊತ್ತಾದರೆ ನಿಮ್ಮ ಹಣ ಎಲ್ಲಿ ಹಾಕಬೇಕು ಅನ್ನೋದೂ ಗೊತ್ತಾಗುತ್ತದೆ.

ಈಗ ನನ್ನ ಕೆಲಸದ ಕೋಣೆಯಿಂದ ಕೆಲವು ಮಾತು. ಇವನ್ನು ಬೆಂಗಳೂರಿನ ಸಲಹೆಗಾರರು ನಿಮಗೆ ಹೇಳಲಿಕ್ಕಿಲ್ಲ.

ಎಂ.ಆರ್.ಐ. ಕೋಣೆಗೆ ಲೋಹ ಒಯ್ಯುವಂತಿಲ್ಲ. ಹೇರ್‌ಪಿನ್, ತಾಯಿತ, ಉಡದಾರ, ಜರಿ ಸೀರೆ ಎಲ್ಲ ತೆಗೆಸುತ್ತೇವೆ. ತಾಳಿ, ಕಾಲುಂಗುರ ತೆಗೆಯಿರಿ ಅಂದಾಗ ವಯಸ್ಸಾದ ಹೆಂಗಸರ ಮುಖ ಸಣ್ಣದಾಗುತ್ತದೆ. ರೋಗ ಇದ್ದವರು ಒಪ್ಪುತ್ತಾರೆ. ಆರೋಗ್ಯವಾಗಿರುವವರು ಅಧ್ಯಯನಕ್ಕಾಗಿ ಯಾಕೆ ಒಪ್ಪಬೇಕು? ಮೊದಲೇ ಮನೆಗೆ ಹೋಗಿ ಹೇಳಬೇಕು, ಅರಿಶಿನ ದಾರ ಕಟ್ಟಿಕೊಂಡು ಬನ್ನಿ ಅನ್ನಬೇಕು. ಹೇಳುವವರು ಊರಿನ ಹೆಂಗಸೇ ಆಗಿರಬೇಕು. ಇಷ್ಟು ಮಾಡದಿದ್ದರೆ ನಿಮ್ಮ ಅಧ್ಯಯನದಲ್ಲಿ ಗಂಡಸರೇ ತುಂಬಿಕೊಳ್ಳುತ್ತಾರೆ.

ಕಾಫಿ ಕುಡಿದ ಮೇಲೆ ಮೆದುಳಿಗೆ ರಕ್ತದ ಹರಿವು ಕಡಿಮೆ ಆಗುತ್ತದೆ. ಫಂಕ್ಷನಲ್ ಎಂ.ಆರ್.ಐ. ಅಳೆಯುವುದೇ ರಕ್ತದ ಆಟವನ್ನು. ಹಾಗಾಗಿ ಸ್ಕ್ಯಾನಿಗೆ ಬಂದವರು ಬೆಳಿಗ್ಗೆ ಎಷ್ಟು ಗಂಟೆಗೆ, ಎಷ್ಟು ಲೋಟ ಕುಡಿದರು ಎಂದು ಬರೆದುಕೊಳ್ಳಲೇಬೇಕು. "ಕುಡಿಯದೆ ಬನ್ನಿ" ಅಂದರೆ ಚಿಕ್ಕಮಗಳೂರಿನಲ್ಲಿ ಯಾರೂ ಬರುವುದಿಲ್ಲ. ಬಂದರೂ ತಲೆನೋವು ಅಂತ ಅರ್ಧಕ್ಕೆ ಎದ್ದು ಹೋಗುತ್ತಾರೆ.

ಚಿತ್ರಗಳನ್ನು ಹೋಲಿಸಲು ಬಳಸುವ ಮಾದರಿ ಮೆದುಳು ಹೆಚ್ಚಾಗಿ ಪಶ್ಚಿಮ ದೇಶದವರದ್ದು. ನಿಮ್ಹಾನ್ಸ್‌ನ ಸಂಶೋಧಕರು 6ರಿಂದ 60 ವರ್ಷದವರೆಗೆ ಭಾರತೀಯರ ಮಾದರಿಗಳನ್ನೇ ಮಾಡಿದ್ದಾರೆ. ಅದನ್ನೇ ಬಳಸಿ.

ಇನ್ನು ಒಪ್ಪಿಗೆ ವಿಚಾರ. ನಮ್ಮ ಜನ "ಬ್ರೈನ್ ಮ್ಯಾಪಿಂಗ್" ಅಂತ ಕೇಳಿರುವುದು ಪೊಲೀಸ್ ಸುದ್ದಿಯಲ್ಲಿ. ಹಾಗಾಗಿ "ನಾನೇನು ಕಳ್ಳನಾ?" ಅನ್ನುವವರು ಇದ್ದಾರೆ. ಒಪ್ಪಿಗೆ ಇಲ್ಲದೆ ಆರೋಪಿಗೂ ಆ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಸೆಲ್ವಿ ಪ್ರಕರಣದಲ್ಲಿ ಹೇಳಿತು. ಅದು ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣ. ಆರೋಪಿಗೇ ಇರುವ ಹಕ್ಕು ತೋಟದ ಕೂಲಿಯವರಿಗೆ ಇರಬೇಡವೇ? ಕೂಲಿಯವರು ಇರುವ ಲೈನ್ ಮನೆಗೆ ತೋಟದ ರೈಟರ್ (ಕೆಲಸ, ಕೂಲಿ ಲೆಕ್ಕ ನೋಡುವವರು) ಜೊತೆ ಹೋಗಿ, ಅವರ ಎದುರೇ "ಬರ್ತೀಯೇನಮ್ಮಾ?" ಎಂದು ಕೇಳಿದರೆ ಅದು ಒಪ್ಪಿಗೆ ಆಗುವುದಿಲ್ಲ. ಬೇಡ ಅನ್ನುವ ಧೈರ್ಯ ಅವಳಿಗೆ ಎಲ್ಲಿಂದ ಬರಬೇಕು? ಅಸ್ಸಾಮಿನಿಂದ ಬಂದ ಕೆಲಸದವರಿಗೆ ಅವರ ಭಾಷೆಯಲ್ಲೇ ಕೇಳಿ. ಯಾರ ಫಲಿತಾಂಶವೂ ಮಾಲೀಕರ ಕೈಗೆ, ಬ್ಯಾಂಕಿಗೆ, ವಿಮಾ ಕಂಪನಿಗೆ ಹೋಗಬಾರದು ಎಂದು ಬರೆದುಕೊಡಿ.

ಹೆಸರು ಅಳಿಸಿದರೆ ಸಾಕು ಎಂದೂ ಅಂದುಕೊಳ್ಳಬೇಡಿ. ತಲೆಯ ಎಂ.ಆರ್.ಐ.ನಲ್ಲಿ ಮೂಗು, ಬಾಯಿ, ಕೆನ್ನೆ ಎಲ್ಲ ಇರುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನವರು 2019ರಲ್ಲಿ 84 ಜನರ ಸ್ಕ್ಯಾನಿನಿಂದ ಮುಖ ಕಟ್ಟಿ, ಮುಖ ಗುರುತಿಸುವ ಸಾಫ್ಟ್‌ವೇರಿಗೆ ಕೊಟ್ಟರು. 70 ಜನ ಯಾರೆಂದು ಅದು ಸರಿಯಾಗಿ ಹೇಳಿತು. ಮುಖದ ಭಾಗ ಅಳಿಸಿಯೇ ಚಿತ್ರ ಇಟ್ಟುಕೊಳ್ಳಬೇಕು. ಅದಕ್ಕೆ ಉಚಿತ ತಂತ್ರಾಂಶಗಳೇ ಇವೆ.

ಹುಡುಕದೆ ಸಿಗುವ ರೋಗಗಳ ವಿಚಾರ ಇನ್ನೂ ಕಷ್ಟ. ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ ಯಾವ ದೂರೂ ಇಲ್ಲದ 2,000 ಜನರ ಮೆದುಳು ನೋಡಿದಾಗ ಶೇ 7.2 ಜನರಿಗೆ ಗೊತ್ತೇ ಆಗದ ಹಾಗೆ ಸಣ್ಣ ಪಾರ್ಶ್ವವಾಯು ಆಗಿಹೋಗಿತ್ತು. ಶೇ 1.8 ಜನರಲ್ಲಿ ರಕ್ತನಾಳ ಉಬ್ಬಿತ್ತು. ಇಲ್ಲಿ 5,000 ಜನರನ್ನು ನೋಡಿದರೆ ಇಂಥವು ಸಿಕ್ಕೇ ಸಿಗುತ್ತವೆ. ಆಗ ಯಾರು ಹೇಳಬೇಕು? ಮುಂದಿನ ಪರೀಕ್ಷೆಯ ಖರ್ಚು ಯಾರದ್ದು? ಕಳಸದ ಮುದುಕನಿಗೆ "ನಿಮ್ಮ ತಲೆಯಲ್ಲಿ ಏನೋ ಇದೆ, ಬೆಂಗಳೂರಿಗೆ ಹೋಗಿ" ಎಂದು ಚೀಟಿ ಕೊಟ್ಟು ಕಳಿಸಿದರೆ ಅದು ಉಪಕಾರ ಆಗುವುದಿಲ್ಲ. ಸ್ಕ್ಯಾನ್ ಶುರು ಮಾಡುವ ಮೊದಲೇ ಇದಕ್ಕೆ ಹಣ ತೆಗೆದಿಡಿ. ಇಲ್ಲದಿದ್ದರೆ ಶುರು ಮಾಡಬೇಡಿ.

ಕೊನೆಗೆ ಯಂತ್ರದ ಮಾತು. ಹೊಸದು ಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ಮೊದಲ ಎರಡು ವರ್ಷ ಯಂತ್ರವೇ ಬೇಡ. ಎರಡು ತಾಲ್ಲೂಕು ಆರಿಸಿ, ಒಂದು ಹಾಸನದ್ದು, ಒಂದು ಚಿಕ್ಕಮಗಳೂರಿನದ್ದು. ಬೇಲೂರು ಮತ್ತು ಮೂಡಿಗೆರೆ ಪಕ್ಕಪಕ್ಕದಲ್ಲೇ ಇವೆ. ಮನೆ ಮನೆಗೆ ಹೋಗಿ ಬಿ.ಪಿ., ಸಕ್ಕರೆ, ಕಿವಿ, ಕಣ್ಣು, ನೆನಪು, ನಿದ್ದೆ, ಕುಡಿತ, ಔಷಧಿ ಸೋಕು, ಓದಿದ ವರ್ಷ ಬರೆಯಿರಿ. ಎರಡು ಕಾಲೇಜುಗಳ ವಿದ್ಯಾರ್ಥಿಗಳು ಇದ್ದಾರೆ, ಅವರಿಗೂ ಕಲಿಕೆ ಆಗುತ್ತದೆ. ಆಮೇಲೆ ಊರಲ್ಲಿ ಆಗಲೇ ಇರುವ ಯಂತ್ರಗಳನ್ನು ಭಾನುವಾರ ಬಾಡಿಗೆಗೆ ತೆಗೆದುಕೊಳ್ಳಿ. ನಮ್ಮಂಥ ಟೆಕ್ನಿಷಿಯನ್‌ಗಳು ಬರುತ್ತೇವೆ. ಗಾಡಿಯಲ್ಲಿ ಒಯ್ಯಬಹುದಾದ, ಮಾಮೂಲಿ ಪ್ಲಗ್ಗಿಗೆ ಹಾಕುವ 0.064 ಟೆಸ್ಲಾದ (ಟೆಸ್ಲಾ ಅಂದರೆ ಅಯಸ್ಕಾಂತದ ಬಲದ ಅಳತೆ) ಸಣ್ಣ ಯಂತ್ರಗಳೂ ಬಂದಿವೆ. ನಾವು ಬಳಸುವ 1.5 ಟೆಸ್ಲಾದಷ್ಟು ಸ್ಪಷ್ಟ ಚಿತ್ರ ಅದರಲ್ಲಿ ಬರುವುದಿಲ್ಲ, ಆದರೆ ಘಾಟಿ ಇಳಿದು ಬರಲಾಗದವರಿಗೆ ಉಪಯೋಗ ಆಗಬಹುದು. ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯವರನ್ನು ಕರೆಯಿರಿ, ಆದರೆ ಮಾಹಿತಿಯ ಒಂದು ಪ್ರತಿ ನಮ್ಮ ಕಾಲೇಜುಗಳಲ್ಲೇ ಇರಲಿ. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ಸಭೆ ಕರೆದು ಏನು ಗೊತ್ತಾಯಿತು ಎಂದು ಕನ್ನಡದಲ್ಲಿ ಹೇಳಿ.

ಹಾಂ, ಒಂದು ವಿಷಯ ಮರೆಯುತ್ತಿದ್ದೆ. ಬೆರಳಚ್ಚು ನೋಡಿ ಮಗುವಿನ ಮೆದುಳು ಅಳೆಯುತ್ತೇವೆ, ಕಣ್ಣು ಕಟ್ಟಿ ಓದಿಸುತ್ತೇವೆ ಎಂದು ಶಾಲೆಗಳಿಗೆ ಬರುವವರಿಗೆ ಅನುಮತಿ ಕೊಡಬೇಡಿ. ಅದಕ್ಕೂ ಮೆದುಳಿನ ವಿಜ್ಞಾನಕ್ಕೂ ಏನೂ ಸಂಬಂಧ ಇಲ್ಲ. ನೀವು ಒಂದು ಸುತ್ತೋಲೆ ಹೊರಡಿಸಿದರೆ ಸಾಕು, ಬೇಕಾದಷ್ಟು ತಂದೆತಾಯಿಯರ ದುಡ್ಡು ಉಳಿಯುತ್ತದೆ.

ಮೊದಲ ಸಭೆ ಯಾವಾಗ ಇಡಬೇಕು ಎಂದರೆ, ನವೆಂಬರಿನಿಂದ ಮಾರ್ಚ್‌ವರೆಗೆ ಬೇಡ. ಕೊಯ್ಲು ಇರುತ್ತದೆ, ಕಣ ಬಿಟ್ಟು ಯಾರೂ ಬರುವುದಿಲ್ಲ. ಜೂನ್, ಜುಲೈನಲ್ಲಿ ಮಳೆ, ಮರ ಬಿದ್ದು ರಸ್ತೆ ಬಂದ್ ಆಗುತ್ತದೆ. ಸೆಪ್ಟೆಂಬರ್ ಕೊನೆ ಒಳ್ಳೆಯದು. ಬೇಲೂರಿನಲ್ಲಿ ಇಡಿ, ಎರಡೂ ಜಿಲ್ಲೆಯವರಿಗೆ ಬಸ್ಸಿದೆ. ಬೆಳೆಗಾರರ ಸಂಘದವರನ್ನು ಕರೆದಷ್ಟೇ ಮರ್ಯಾದೆಯಿಂದ ತೋಟದ ಕಾರ್ಮಿಕರನ್ನೂ ಆಶಾ ಕಾರ್ಯಕರ್ತೆಯರನ್ನೂ ಕರೆಯಿರಿ, ಅವರ ಅವತ್ತಿನ ಕೂಲಿ ಕೊಟ್ಟು.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಎಂ.ಆರ್.ಐ. ಟೆಕ್ನಿಷಿಯನ್
ಹಾಸನ